ಮನದ ಕಳವಳಕ್ಕೂ ಮದ್ದಿದೆ: ಬಲ್ಖಿಯಿಂದ ಗಝಾಲಿಯವರೆಗೆ

ಇಶಾ ನಮಾಝ್ ಮುಗಿಸಿ ಮಲಗಿದ್ದಾಗಿದೆ. ಆದರೆ ನಿದ್ದೆ ಹತ್ತುವುದಿಲ್ಲ. ಮಗಳ ಮದುವೆಗೆ ಮಾಡಿದ ಸಾಲ, ಮಗನ ಕಾಲೇಜು ಫೀಸು, ಅಂಗಡಿಯಲ್ಲಿ ಇಳಿದುಹೋದ ವ್ಯಾಪಾರ, ಗಲ್ಫಿನಲ್ಲಿರುವವನ ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಭಯ. ಒಂದು ಹೋದರೆ ಇನ್ನೊಂದು ಬಂದು ತಲೆದಿಂಬಿನ ಬಳಿ ಕೂರುತ್ತದೆ. ಎದೆ ಡವಡವ ಎನ್ನುತ್ತದೆ, ಹೊಟ್ಟೆ ಕಿವುಚುತ್ತದೆ, ಬೆಳಿಗ್ಗೆ ಎದ್ದರೆ ಮಕ್ಕಳ ಮೇಲೆ ಸಿಡುಕು. ನಮ್ಮ ಮನೆಗಳಲ್ಲಿ ಇದು ಅಪರೂಪದ ಕತೆಯೇನಲ್ಲ.

ಧೈರ್ಯ ಮಾಡಿ ಇದನ್ನು ಯಾರ ಬಳಿಯಾದರೂ ಹೇಳಿಕೊಂಡರೆ ಸಿಗುವ ಉತ್ತರವೂ ಗೊತ್ತಿರುವುದೇ. "ನಮಾಝ್ ಸರಿಯಾಗಿ ಮಾಡು, ಕುರ್‌ಆನ್ ಓದು, ಈಮಾನ್ ಗಟ್ಟಿಯಾಗಿದ್ದರೆ ಇದೆಲ್ಲ ಬರುವುದಿಲ್ಲ." ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ನಮಾಝ್, ಕುರ್‌ಆನ್ ಪಾರಾಯಣ, ದುಆಗಳಿಂದ ಹೃದಯಕ್ಕೆ ನೆಮ್ಮದಿ ಸಿಗುತ್ತದೆ ಎಂಬುದರಲ್ಲಿ ನಮಗೆ ಸಂಶಯವೂ ಇಲ್ಲ. ಆದರೆ ಆ ಕೊನೆಯ ಮಾತು ಕೇಳುವವರ ಕಿವಿಗೆ ಬೇರೆಯೇ ಆಗಿ ಬೀಳುತ್ತದೆ. ಐದು ಹೊತ್ತಿನ ನಮಾಝ್ ತಪ್ಪಿಸದ ತಾಯಿಯೊಬ್ಬಳು, ತನಗೆ ಹೀಗಾಗುತ್ತಿದೆ ಎಂದರೆ ತನ್ನ ಈಮಾನಿನಲ್ಲೇ ಏನೋ ಕೊರತೆ ಇರಬೇಕು ಎಂದುಕೊಳ್ಳುತ್ತಾಳೆ. ಮೊದಲಿದ್ದ ಚಿಂತೆಯ ಮೇಲೆ ಇನ್ನೊಂದು ಚಿಂತೆ. ಮುಂದೆ ಅವಳು ಬಾಯಿ ಬಿಡುವುದೇ ಇಲ್ಲ.

ನಮ್ಮ ಹಿರಿಯರೂ ಹೀಗೆಯೇ ಯೋಚಿಸಿದ್ದರೇ? ಇಸ್ಲಾಮಿನ ಚರಿತ್ರೆಯ ಪುಟಗಳನ್ನು ತೆರೆದು ನೋಡಿದರೆ ಸಿಗುವ ಉತ್ತರ ನಮ್ಮಲ್ಲಿ ಹಲವರಿಗೆ ಆಶ್ಚರ್ಯ ತರಬಹುದು. ಮನಸ್ಸಿನ ಕಳವಳವನ್ನು ಅವರು ಜ್ವರ, ತಲೆನೋವುಗಳ ಸಾಲಿನಲ್ಲಿಟ್ಟು ನೋಡಿದರು, ಅದಕ್ಕೆ ಕಾರಣ ಹುಡುಕಿದರು, ಮದ್ದು ಬರೆದರು, ಆಸ್ಪತ್ರೆ ಕಟ್ಟಿದರು.

ಪ್ರವಾದಿಗಳ ಮನೆಯಲ್ಲೂ ಕಣ್ಣೀರಿತ್ತು

ಮೊದಲು ಕುರ್‌ಆನಿನಿಂದಲೇ ಆರಂಭಿಸೋಣ. ಮಗ ಯೂಸುಫ್(ಅ)ರನ್ನು ಕಳೆದುಕೊಂಡ ಪ್ರವಾದಿ ಯಅ್‌ಕೂಬ್(ಅ)ರ ಕಣ್ಣುಗಳು ದುಃಖದಿಂದ ಬೆಳ್ಳಗಾಗಿಬಿಟ್ಟವು ಎಂದು ಸೂರಃ ಯೂಸುಫ್ ಹೇಳುತ್ತದೆ. ಮಕ್ಕಳೇ ಅವರನ್ನು ಆಕ್ಷೇಪಿಸಿದಾಗ, ತನ್ನ ವ್ಯಥೆಯನ್ನು ತಾನು ಅಲ್ಲಾಹನ ಮುಂದೆ ತೋಡಿಕೊಳ್ಳುತ್ತಿದ್ದೇನೆ ಎಂದು ಅವರು ಉತ್ತರಿಸಿದರು. ಜಾದೂಗಾರರ ಹಗ್ಗಗಳು ಹಾವಿನಂತೆ ಹರಿದಾಡಿದಾಗ ಪ್ರವಾದಿ ಮೂಸಾ(ಅ)ರ ಮನಸ್ಸಿನಲ್ಲಿ ಭಯ ಮೂಡಿತು ಎಂದು ಸೂರಃ ತ್ವಾಹಾ ಮುಚ್ಚುಮರೆಯಿಲ್ಲದೆ ತಿಳಿಸುತ್ತದೆ. ಹಸುಗೂಸನ್ನು ನದಿಗೆ ಬಿಟ್ಟ ಮೂಸಾ(ಅ)ರ ತಾಯಿಯ ಹೃದಯ ಬರಿದಾಗಿ ಹೋಯಿತು, ಅಲ್ಲಾಹನು ಆ ಹೃದಯವನ್ನು ಬಿಗಿಹಿಡಿಯದೆ ಇದ್ದಿದ್ದರೆ ಅವರು ಗುಟ್ಟನ್ನೇ ಹೊರಗೆಡವಿಬಿಡುತ್ತಿದ್ದರು ಎಂಬುದು ಸೂರಃ ಅಲ್ ಕಸಸ್‌ನಲ್ಲಿದೆ. ಇವರಲ್ಲಿ ಯಾರ ಈಮಾನನ್ನು ನಾವು ಕಡಿಮೆ ಎನ್ನಬಲ್ಲೆವು?

ಹಿರಾ ಗುಹೆಯ ಘಟನೆ ಎಲ್ಲರಿಗೂ ಗೊತ್ತು. ಮೊದಲ ವಹ್ಯ್ ಇಳಿದ ಬಳಿಕ ಪ್ರವಾದಿ(ಸ)ರು ನಡುಗುತ್ತಾ ಮನೆಗೆ ಬಂದು ತನ್ನನ್ನು ಹೊದಿಸಲು ಕೇಳಿಕೊಂಡರು. ಆಗ ಹ. ಖದೀಜಾ(ರ) ಮಾಡಿದ್ದನ್ನು ಸಹೀಹ್ ಬುಖಾರಿಯಲ್ಲಿ ಗಮನವಿಟ್ಟು ಓದಬೇಕು. ಮೊದಲು ಹೊದಿಸಿದರು, ಭಯ ಇಳಿಯುವವರೆಗೆ ಕಾದರು. ಪ್ರವಾದಿ(ಸ)ರು ತನಗಾದದ್ದನ್ನು ಹೇಳಿದಾಗ ಕೇಳಿಸಿಕೊಂಡರು. ಆಮೇಲೆ, ನೀವು ಬಂಧುಗಳನ್ನು ಕೂಡಿಸುವವರು, ಅಸಹಾಯಕರ ಹೊರೆ ಹೊರುವವರು, ಅತಿಥಿಗಳನ್ನು ಸತ್ಕರಿಸುವವರು, ಇಂಥವರನ್ನು ಅಲ್ಲಾಹನು ಕೈಬಿಡಲಾರನು ಎಂಬರ್ಥದಲ್ಲಿ ಅವರ ಒಳಿತುಗಳನ್ನೇ ಒಂದೊಂದಾಗಿ ನೆನಪಿಸಿದರು. ಕೊನೆಗೆ ವಿಷಯ ಬಲ್ಲವರಾದ ವರಕಃ ಬಿನ್ ನೌಫಲ್‌ರ ಬಳಿಗೆ ಕರೆದೊಯ್ದರು. ಸಮಾಧಾನ, ಕೇಳಿಸಿಕೊಳ್ಳುವ ಕಿವಿ, ಸರಿಯಾದ ಮಾತು, ಬಲ್ಲವರ ಸಲಹೆ: ಈ ಅನುಕ್ರಮವನ್ನು ಇಂದಿನ ಮನೋವೈದ್ಯರೂ ಒಪ್ಪುತ್ತಾರೆ.

ಪ್ರವಾದಿ(ಸ)ರು ಆಗಾಗ ಮಾಡುತ್ತಿದ್ದ ಒಂದು ದುಆವನ್ನು ಹ. ಅನಸ್(ರ) ವರದಿ ಮಾಡಿದ್ದಾರೆ. ಅದರಲ್ಲಿ ಅಲ್ಲಾಹನ ಅಭಯ ಬೇಡಿದ ವಿಷಯಗಳಲ್ಲಿ ಮೊದಲ ಎರಡು 'ಹಮ್ಮ್' ಮತ್ತು 'ಹಝನ್'. ಬರಲಿರುವುದನ್ನು ನೆನೆದು ಹುಟ್ಟುವ ಕಳವಳ 'ಹಮ್ಮ್', ಆಗಿಹೋದುದಕ್ಕಾಗಿ ಪಡುವ ದುಃಖ 'ಹಝನ್' ಎಂದು ಇಮಾಮ್ ಇಬ್ನುಲ್ ಕಯ್ಯಿಮ್(ರ) ವಿವರಿಸಿದ್ದಾರೆ. ಅದೇ ದುಆದಲ್ಲಿ ಮುಂದೆ ಸಾಲದ ಹೊರೆಯ ಪ್ರಸ್ತಾಪವೂ ಇದೆ, ಜನರ ದಬ್ಬಾಳಿಕೆಯ ಪ್ರಸ್ತಾಪವೂ ಇದೆ. ಚಿಂತೆ ಎಂಬುದು ಶೂನ್ಯದಿಂದ ಹುಟ್ಟುವುದಿಲ್ಲ, ಬದುಕಿನ ನಿಜವಾದ ಹೊರೆಗಳಿಂದ ಹುಟ್ಟುತ್ತದೆ ಎಂಬ ತಿಳಿವು ಆ ದುಆದಲ್ಲಿಯೇ ಇದೆ.

ಬಲ್ಖ್‌ನ ವಿದ್ವಾಂಸ

ಇನ್ನು ಸುಮಾರು 1,100 ವರ್ಷ ಹಿಂದಿನ ಬಲ್ಖ್ ನಗರಕ್ಕೆ ಹೋಗೋಣ. ಇಂದಿನ ಉತ್ತರ ಅಫ್ಘಾನಿಸ್ತಾನದಲ್ಲಿರುವ ಬಲ್ಖ್ ಅಂದು ಖುರಾಸಾನಿನ ದೊಡ್ಡ ವಿದ್ಯಾಕೇಂದ್ರಗಳಲ್ಲಿ ಒಂದಾಗಿತ್ತು. ಅದರ ಸಮೀಪದ ಹಳ್ಳಿಯೊಂದರಲ್ಲಿ ಕ್ರಿ.ಶ. 850ರ ಸುಮಾರಿಗೆ ಅಬೂ ಝೈದ್ ಅಹ್ಮದ್ ಬಿನ್ ಸಹ್ಲ್ ಅಲ್ ಬಲ್ಖಿ ಹುಟ್ಟಿದರು. ತಂದೆ ಮಕ್ಕಳಿಗೆ ಪಾಠ ಹೇಳುವ ಉಸ್ತಾದರು. ಯುವಕ ಬಲ್ಖಿ ಜ್ಞಾನ ಹುಡುಕುತ್ತಾ ಇರಾಕಿಗೆ ಹೋಗಿ ಎಂಟು ವರ್ಷ ಅಲ್ಲಿದ್ದರು. ಅರಬರ ತತ್ವಜ್ಞಾನಿ ಎಂದೇ ಹೆಸರಾದ ಅಲ್ ಕಿಂದಿಯವರ ಶಿಷ್ಯರೆಂದು ಅವರನ್ನು ಗುರುತಿಸಲಾಗುತ್ತದೆ. ಊರಿಗೆ ಮರಳಿ ಧರ್ಮ, ಸಾಹಿತ್ಯ, ತತ್ವಶಾಸ್ತ್ರ, ವೈದ್ಯ, ಭೂಗೋಳ ಹೀಗೆ ಹಲವು ವಿಷಯಗಳಲ್ಲಿ ಹತ್ತಾರು ಗ್ರಂಥ ಬರೆದರು. ಭೂಪಟ ರಚನೆಯಲ್ಲಿ ಇಸ್ತಖ್ರಿ, ಇಬ್ನ್ ಹೌಕಲ್‌ರಂಥವರು ಹಿಡಿದ ದಾರಿಗೆ ಚರಿತ್ರೆಕಾರರು 'ಬಲ್ಖಿ ಪರಂಪರೆ' ಎಂದೇ ಹೆಸರಿಟ್ಟಿದ್ದಾರೆ. ಕ್ರಿ.ಶ. 934ರಲ್ಲಿ ಅವರು ನಿಧನರಾದರು.

ಅವರ ಬಗ್ಗೆ ಭೂಗೋಳ ಶಾಸ್ತ್ರಜ್ಞ ಅಲ್ ಮುಕದ್ದಸಿ ಒಂದು ಸ್ವಾರಸ್ಯದ ಸಂಗತಿ ಬರೆದಿಟ್ಟಿದ್ದಾರೆ. ಖುರಾಸಾನಿನ ಅರಸನು ಬಲ್ಖಿಯವರನ್ನು ತನ್ನ ಆಸ್ಥಾನಕ್ಕೆ ಕರೆಸಿದ. ಹೊರಟವರು ಜೈಹೂನ್ ನದಿಯ ದಡಕ್ಕೆ ಬಂದರು. ಉಕ್ಕಿ ಹರಿಯುವ ನೀರನ್ನು ನೋಡಿ ನಿಂತುಬಿಟ್ಟರು. ಅರಸನು ತನ್ನನ್ನು ಕರೆಸುತ್ತಿರುವುದು ತನ್ನ ವಿವೇಕಕ್ಕಾಗಿಯೇ ಆದರೆ, ಆ ವಿವೇಕವೇ ಈ ನದಿ ದಾಟಬೇಡ ಎನ್ನುತ್ತಿದೆ ಎಂದು ಪತ್ರ ಬರೆದು ಕಳಿಸಿದರು. ಅರಸನೂ ಒಪ್ಪಿ ಅವರನ್ನು ಊರಿಗೆ ಮರಳಲು ಬಿಟ್ಟ. ಭಯ ಎಂದರೇನೆಂದು ಸ್ವತಃ ಬಲ್ಲವರಾಗಿದ್ದರು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಇಂಥ ಬಲ್ಖಿಯವರು ಬರೆದ ಒಂದು ಗ್ರಂಥ 'ಮಸಾಲಿಹುಲ್ ಅಬ್ದಾನ್ ವಲ್ ಅನ್‌ಫುಸ್'. ದೇಹಗಳ ಮತ್ತು ಮನಸ್ಸುಗಳ ಹಿತ ಎಂದು ಅರ್ಥ. ಮೊದಲ ಭಾಗ ದೇಹದ ಆರೋಗ್ಯದ ಬಗ್ಗೆ. ಎರಡನೆಯ ಭಾಗ ಪೂರ್ತಿಯಾಗಿ ಮನಸ್ಸಿನ ಆರೋಗ್ಯಕ್ಕೆ ಮೀಸಲು. ಅದರಲ್ಲಿ 8 ಅಧ್ಯಾಯಗಳಿವೆ. ಕೋಪ, ಭಯ, ದುಃಖ, ಬಿಡದೆ ಕಾಡುವ ವಸ್‌ವಾಸ್ ಎಂಬ ನಾಲ್ಕಕ್ಕೂ ಒಂದೊಂದು ಅಧ್ಯಾಯ. ಆ ಪುಸ್ತಕ ಹುಚ್ಚು ಹಿಡಿದವರ ಬಗ್ಗೆ ಅಲ್ಲ. ನಿಮ್ಮ ನಮ್ಮಂತೆ ಮನೆ ನಡೆಸುವ, ದುಡಿಯುವ, ರಾತ್ರಿ ಹೊರಳಾಡುವ ಸಾಮಾನ್ಯ ಜನರ ಬಗ್ಗೆ.

ಅದರ ಆರಂಭದಲ್ಲೇ ಅವರು ಒಂದು ಸರಳವಾದ ಮಾತು ಹೇಳುತ್ತಾರೆ. ದೇಹದ ರೋಗಗಳು ಕೆಲವರಿಗೆ ಬರುತ್ತವೆ, ಕೆಲವರಿಗೆ ಬರದೆಯೂ ಇರಬಹುದು. ದೊಡ್ಡ ಕಾಯಿಲೆ ಏನೆಂದೇ ತಿಳಿಯದೆ ಬದುಕು ಮುಗಿಸುವವರೂ ಇದ್ದಾರೆ. ಆದರೆ ಸಿಟ್ಟು, ಅಂಜಿಕೆ, ಬೇಸರ, ಚಿಂತೆಗಳಿಂದ ತಪ್ಪಿಸಿಕೊಂಡ ಮನುಷ್ಯನಿಲ್ಲ. ಅವು ದಿನದಿನವೂ ಎಲ್ಲರನ್ನೂ ಮುಟ್ಟುತ್ತವೆ, ವ್ಯತ್ಯಾಸ ಇರುವುದು ಹೆಚ್ಚು ಕಡಿಮೆಯಲ್ಲಿ ಮಾತ್ರ. ದೇಹ ನೊಂದರೆ ಮನಸ್ಸು ಮಂಕಾಗುತ್ತದೆ, ಮನಸ್ಸು ನೊಂದರೆ ದೇಹ ಊಟದ ರುಚಿ ಕಳೆದುಕೊಳ್ಳುತ್ತದೆ, ಏಕೆಂದರೆ ಅಲ್ಲಾಹನು ಮನುಷ್ಯನನ್ನು ಎರಡನ್ನೂ ಹೆಣೆದು ಸೃಷ್ಟಿಸಿದ್ದಾನೆ. ಹೀಗಿದ್ದೂ ವೈದ್ಯರು ದೇಹದ ಬಗ್ಗೆ ಮಾತ್ರ ಬರೆಯುತ್ತಾರೆ, ಮನಸ್ಸಿನ ಬಗ್ಗೆ ಬರೆಯುವುದಿಲ್ಲ ಎಂಬುದು ಅವರ ದೂರು.

ಬಲ್ಖಿಯವರ ಮದ್ದಿನ ಪೆಟ್ಟಿಗೆ

ಮನೆಯಲ್ಲಿ ನಾವು ಜ್ವರದ ಮಾತ್ರೆ, ಗಾಯಕ್ಕೆ ಹಚ್ಚುವ ಮುಲಾಮು ಇಟ್ಟುಕೊಳ್ಳುತ್ತೇವೆ. ರಾತ್ರಿ ಹೊತ್ತಲ್ಲಿ ಏನಾದರೂ ಆದರೆ ಕೈಗೆ ಸಿಗಬೇಕಲ್ಲ! ಬಲ್ಖಿಯವರು ಇದೇ ಹೋಲಿಕೆ ಬಳಸುತ್ತಾರೆ. ಆರೋಗ್ಯವಂತನು ಆಕಸ್ಮಿಕ ನೋವಿಗೆಂದು ಔಷಧಿಯನ್ನು ಮೊದಲೇ ಸಿದ್ಧವಾಗಿಡುವಂತೆ, ಮನಸ್ಸು ಶಾಂತವಾಗಿರುವಾಗಲೇ ಒಳ್ಳೆಯ, ಧೈರ್ಯ ತುಂಬುವ ಯೋಚನೆಗಳನ್ನು ಕೂಡಿಟ್ಟುಕೊಳ್ಳಬೇಕು. ಕೋಪ ಭುಗಿಲೆದ್ದಾಗ, ಭಯ ಆವರಿಸಿದಾಗ ಬುದ್ಧಿ ಓಡುವುದಿಲ್ಲ. ಆಗ ಹೊಸದಾಗಿ ಸಮಾಧಾನ ಹುಡುಕಲಾಗದು. ಮೊದಲೇ ಅಭ್ಯಾಸ ಮಾಡಿಟ್ಟ ಯೋಚನೆಯೇ ಕೈಹಿಡಿಯುತ್ತದೆ.

ಎರಡನೆಯ ಮದ್ದು, ಸಣ್ಣಪುಟ್ಟ ಕಿರಿಕಿರಿಗಳನ್ನು ಸಹಿಸುವ ರೂಢಿ. ಸ್ವಲ್ಪ ಬಿಸಿಲು, ಸ್ವಲ್ಪ ಚಳಿ ತಾಳಿಕೊಂಡ ದೇಹ ಹೆಚ್ಚಿನ ಬಿಸಿಲು ಚಳಿಗೂ ಒಗ್ಗುತ್ತದೆ. ಮನಸ್ಸೂ ಹಾಗೆಯೇ. ಸಾರಿಗೆ ಉಪ್ಪು ಕಡಿಮೆಯಾಯಿತೆಂದು, ಬಸ್ಸು ತಡವಾಯಿತೆಂದು ಉರಿದುಬೀಳುವವನು ನಿಜವಾದ ಕಷ್ಟ ಬಂದಾಗ ಕುಸಿದುಬೀಳುತ್ತಾನೆ. ಇದರ ಜೊತೆಗೇ, ಪ್ರತಿಯೊಬ್ಬನೂ ತನ್ನ ಮನಸ್ಸಿನ ತಾಳಿಕೆ ಎಷ್ಟೆಂದು ಅರಿತುಕೊಳ್ಳಬೇಕು ಎಂದೂ ಅವರು ಹೇಳುತ್ತಾರೆ. ಎಲ್ಲರ ಹೆಗಲೂ ಒಂದೇ ಸಮ ಇರುವುದಿಲ್ಲ. ತನ್ನ ಹೆಗಲಿಗೆ ಮೀರಿದ ಹೊರೆಯನ್ನು, ಮೀರಿದ ಆಸೆಯನ್ನು ಹೊತ್ತುಕೊಂಡು ಆಮೇಲೆ ನರಳುವುದಕ್ಕಿಂತ ನೆಮ್ಮದಿಯ ಸರಳ ಬದುಕನ್ನು ಆರಿಸಿಕೊಳ್ಳುವುದು ವಿವೇಕ. ಪಕ್ಕದ ಮನೆಯವರಿಗೆ ಸರಿಸಮನಾಗಿ ಮದುವೆ ಮಾಡಬೇಕೆಂದು ಸಾಲದಲ್ಲಿ ಮುಳುಗುವ ನಮಗೆ ಈ ಮಾತು ನೇರವಾಗಿ ತಟ್ಟಬೇಕು.

ಭಯದ ಬಗ್ಗೆ ಅವರು ಕೊಡುವ ಉಪಮೆ ಮರೆಯುವಂಥದ್ದಲ್ಲ. ಮರುಭೂಮಿಯ ಅಲೆಮಾರಿಯೊಬ್ಬ ತೇವದ ನಾಡಿಗೆ ಮೊದಲ ಸಲ ಬರುತ್ತಾನೆ. ಮುಂದೆ ದಟ್ಟವಾದ ಮಂಜು. ಹಿಂದೆಂದೂ ಮಂಜನ್ನು ಕಂಡವನಲ್ಲ, ಅದನ್ನೊಂದು ಗಟ್ಟಿ ಗೋಡೆ ಎಂದೇ ಭಾವಿಸುತ್ತಾನೆ. ದಾಟಲಾಗದು ಎಂದು ನಿಲ್ಲುತ್ತಾನೆ. ಹೇಗೋ ಹೆಜ್ಜೆ ಇಟ್ಟು ಒಳಹೊಕ್ಕರೆ ಅದು ಬರೀ ಒದ್ದೆ ಗಾಳಿ. ಇಷ್ಟು ಹೊತ್ತು ಉಸಿರಾಡುತ್ತಿದ್ದ ಗಾಳಿಗಿಂತ ಬೇರೆಯದೇನಲ್ಲ! ನಾವು ಹೆದರುವ ಹೆಚ್ಚಿನ ಸಂಗತಿಗಳು ಈ ಮಂಜಿನ ಹಾಗೆ, ದೂರದಿಂದ ಗೋಡೆ, ಹತ್ತಿರ ಹೋದರೆ ಗಾಳಿ. ಕೊಡಗಿನ, ಮಲೆನಾಡಿನ ಬೆಳಗಿನಲ್ಲಿ ಗಾಡಿ ಓಡಿಸಿದವರಿಗೆ ಈ ಉಪಮೆಯನ್ನು ವಿವರಿಸಬೇಕಾಗಿಲ್ಲ.

ಅದಕ್ಕೇ ಭಯಕ್ಕೆ ಬಲ್ಖಿಯವರು ಹೇಳುವ ಮದ್ದು ಓಡಿಹೋಗುವುದಲ್ಲ. ಹೆದರಿಸುವ ದೃಶ್ಯವನ್ನು, ಸದ್ದನ್ನು ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ ಎದುರಿಸಿ ಮನಸ್ಸನ್ನು ಒಗ್ಗಿಸಬೇಕು. ಇಂದಿನ ಮನಶ್ಶಾಸ್ತ್ರಜ್ಞರು ಆತಂಕಕ್ಕೆ ನೀಡುವ ಮುಖ್ಯ ಚಿಕಿತ್ಸೆಗಳಲ್ಲಿ ಇದೂ ಒಂದು. ಬಸ್ಸು ಹತ್ತಲು ಹೆದರುವವರನ್ನು ಮೊದಲ ದಿನ ನಿಲ್ದಾಣದವರೆಗೆ, ಮರುದಿನ ಒಂದು ಸ್ಟಾಪಿನವರೆಗೆ ಕರೆದೊಯ್ಯುವ ಕ್ರಮವದು.

ದುಃಖದಲ್ಲಿ ಎರಡು ಬಗೆ ಎನ್ನುತ್ತಾರೆ ಬಲ್ಖಿ. ಒಂದು, ಕಾರಣ ಗೊತ್ತಿರುವ ದುಃಖ. ಪ್ರೀತಿಪಾತ್ರರು ತೀರಿಹೋದರು, ಹಣ ಹೋಯಿತು, ಬಯಸಿದ್ದು ಸಿಗಲಿಲ್ಲ. ಇನ್ನೊಂದು, ಯಾವ ಕಾರಣವೂ ಕಾಣದೆ ಮನಸ್ಸನ್ನು ಕವಿಯುವ ಮಂಕು. ಎಲ್ಲ ಇದ್ದೂ ಏನೂ ಬೇಡವೆನಿಸುವ ಸ್ಥಿತಿ. ಈ ಎರಡನೆಯದರ ಮೂಲ ದೇಹದಲ್ಲಿದೆ, ಅದಕ್ಕೆ ದೇಹದ ಚಿಕಿತ್ಸೆಯೇ ಬೇಕು ಎಂದು ಅವರು ತೀರ್ಮಾನಿಸುತ್ತಾರೆ. ರಕ್ತದ ಗುಣ ಕೆಡುವುದೇ ಅದಕ್ಕೆ ಕಾರಣ ಎಂದು ಅವರು ತಿಳಿದಿದ್ದರು. ಗ್ರೀಕರಿಂದ ಬಂದ ಆ ವೈದ್ಯಸಿದ್ಧಾಂತವನ್ನು ಇಂದು ಯಾರೂ ಒಪ್ಪುವುದಿಲ್ಲ. ಆದರೆ ಅವರು ಎಳೆದ ಗೆರೆಯನ್ನು ನೋಡಿ. ಕಾರಣವಿಲ್ಲದೆ ಅಳುವವರಿಗೆ "ನಿನಗೇನು ಕಡಿಮೆಯಾಗಿದೆ?" ಎಂದು ಕೇಳಬಾರದು, ವೈದ್ಯರನ್ನು ತೋರಿಸಬೇಕು ಎಂದು ಸಾವಿರ ವರ್ಷದ ಹಿಂದೆಯೇ ಒಬ್ಬ ಮುಸ್ಲಿಮ್ ವಿದ್ವಾಂಸರು ಬರೆದರು. ಹೆರಿಗೆಯ ಬಳಿಕ ಸುಮ್ಮನೆ ಕಣ್ಣೀರು ಹಾಕುವ ಸೊಸೆಗೆ ನಾವು ಇಂದಿಗೂ ಅದೇ ಪ್ರಶ್ನೆ ಕೇಳುತ್ತಿದ್ದೇವೆ.

ಕಾರಣವಿರುವ ದುಃಖಕ್ಕೆ ಎರಡು ಕಡೆಯಿಂದ ನೆರವು ಬೇಕು. ಒಳಗಿನಿಂದ ಮನುಷ್ಯನ ಸ್ವಂತ ಯೋಚನೆ, ಹೊರಗಿನಿಂದ ಹಿತೈಷಿಗಳ ಮಾತು. ಈ ಲೋಕ ಬಯಸಿದ್ದೆಲ್ಲ ಸಿಗುವ ತಾಣವಲ್ಲ, ನಷ್ಟವಿಲ್ಲದ ಬದುಕನ್ನು ಬಯಸುವುದು ಲೋಕದ ಸ್ವಭಾವದಲ್ಲೇ ಇಲ್ಲದ್ದನ್ನು ಬಯಸಿದಂತೆ ಎಂಬುದು ಒಳಗಿನ ಯೋಚನೆ. ಆದರೆ ನೋವಿನಲ್ಲಿರುವವನ ಬುದ್ಧಿಯನ್ನು ನೋವೇ ಮುಚ್ಚಿರುತ್ತದೆ. ಆಗ ಇನ್ನೊಬ್ಬರ ಮಾತು ಬೇಕಾಗುತ್ತದೆ. ಸಹಾಯ ಕೇಳುವುದು ನಾಚಿಕೆಯ ವಿಷಯವಲ್ಲ, ಅದು ಚಿಕಿತ್ಸೆಯ ಭಾಗ.

ಇನ್ನು ವಸ್‌ವಾಸ್. ವುಝೂ ಸರಿಯಾಯಿತೋ ಇಲ್ಲವೋ ಎಂದು ಮತ್ತೆ ಮತ್ತೆ ತೊಳೆಯುವವರು, ತನಗೇನೋ ದೊಡ್ಡ ಕಾಯಿಲೆ ಇದೆ ಎಂದು ದಿನವಿಡೀ ಕೊರಗುವವರು ನಮ್ಮ ನಡುವೆಯೂ ಇದ್ದಾರೆ. ವಸ್‌ವಾಸ್ ಶೈತಾನನಿಂದಲೂ ಬರಬಹುದು, ಮನುಷ್ಯನ ಹುಟ್ಟುಗುಣದಿಂದಲೂ ಬರಬಹುದು ಎಂದು ಬಲ್ಖಿ ಎರಡನ್ನೂ ಹೇಳುತ್ತಾರೆ. ಅವರ ಸಲಹೆ: ಒಂಟಿಯಾಗಿ ಕೂರಬೇಡಿ, ಖಾಲಿ ಕೂರಬೇಡಿ. ಒಂಟಿತನವೇ ಇಂಥ ಯೋಚನೆಗಳಿಗೆ ಗೊಬ್ಬರ. ಜನರೊಂದಿಗೆ ಬೆರೆಯಿರಿ, ಕೈಗೆ ಕೆಲಸ ಕೊಡಿ, ಕಾಡುವ ಯೋಚನೆಗೆ ಎದುರಾದ ಯೋಚನೆಯನ್ನು ಮುಂದಿಡಿ. ಐದು ಹೊತ್ತು ಜಮಾಅತ್‌ಗೆ ಹೋಗುವವನಿಗೆ ಈ ಸಲಹೆಯ ಅರ್ಧ ಭಾಗ ತಾನಾಗಿಯೇ ಪಾಲನೆಯಾಗುತ್ತದೆ. ಆದರೆ ಸಲಾಮ್ ಹೇಳಿದೊಡನೆ ಚಪ್ಪಲಿ ಹುಡುಕುವ ಬದಲು ಪಕ್ಕದವರ ಮುಖ ನೋಡಿ "ಹೇಗಿದ್ದೀರಿ?" ಎಂದು ಕೇಳಿದರೆ ಮಾತ್ರ.

ಇಮಾಮ್ ಗಝಾಲಿಯವರ ನಾಲಿಗೆ ಕಟ್ಟಿದ ದಿನ

ವಿದ್ವಾಂಸರು ಬರೆದದ್ದು ಒಂದಾದರೆ, ಅನುಭವಿಸಿದ್ದು ಇನ್ನೊಂದು. 'ಹುಜ್ಜತುಲ್ ಇಸ್ಲಾಮ್' ಎಂದು ಬಿರುದು ಪಡೆದ ಇಮಾಮ್ ಗಝಾಲಿ(ರ) 1058ರಲ್ಲಿ ಖುರಾಸಾನಿನ ತೂಸ್‌ನಲ್ಲಿ ಹುಟ್ಟಿದವರು. 1091ರಲ್ಲಿ, ಇನ್ನೂ 33ರ ಹರೆಯದಲ್ಲಿ, ಬಗ್ದಾದಿನ ನಿಝಾಮಿಯ್ಯ ಮದ್ರಸದ ಮುಖ್ಯ ಗುರುವಾದರು. ನೂರಾರು ವಿದ್ಯಾರ್ಥಿಗಳು, ಖಲೀಫರ ಆಸ್ಥಾನದ ಗೌರವ, ಎಲ್ಲೆಡೆ ಹೆಸರು. ಮರುವರ್ಷವೇ ಅವರಿಗೆ ಬೆಂಬಲವಾಗಿದ್ದ ವಝೀರ್ ನಿಝಾಮುಲ್ ಮುಲ್ಕ್ ಕೊಲೆಯಾದರು, ಸ್ವಲ್ಪದರಲ್ಲೇ ಸುಲ್ತಾನ್ ಮಲಿಕ್ ಶಾಹ್ ಕೂಡ ತೀರಿಕೊಂಡರು. ರಾಜ್ಯ ಅಲ್ಲಾಡುತ್ತಿತ್ತು. ಇತ್ತ ಗಝಾಲಿಯವರ ಒಳಗೆ ಬೇರೆಯೇ ಹೋರಾಟ. ತಾನು ಪಾಠ ಹೇಳುತ್ತಿರುವುದು ಅಲ್ಲಾಹನಿಗಾಗಿಯೋ, ಕೀರ್ತಿಗಾಗಿಯೋ?

ಹಿಜರಿ 488ರ ರಜಬ್ ತಿಂಗಳು, ಅಂದರೆ 1095ರ ಬೇಸಿಗೆಯಿಂದ ಸುಮಾರು ಆರು ತಿಂಗಳು ಈ ತೊಳಲಾಟ ನಡೆಯಿತೆಂದು ಅವರೇ 'ಅಲ್ ಮುನ್‌ಕಿಝ್ ಮಿನದ್ದಲಾಲ್' ಎಂಬ ಆತ್ಮಕಥನದಲ್ಲಿ ಬರೆದಿದ್ದಾರೆ. ಒಂದು ಹಂತದಲ್ಲಿ ನಾಲಿಗೆಯೇ ಕಟ್ಟಿಹೋಯಿತು. ಎದುರು ಕುಳಿತ ವಿದ್ಯಾರ್ಥಿಗಳಿಗಾಗಿ ಒಂದು ದಿನವಾದರೂ ಪಾಠ ಮಾಡಬೇಕೆಂದು ಪ್ರಯತ್ನಿಸಿದರೂ ಒಂದು ಪದ ಹೊರಡಲಿಲ್ಲ. ಅದರ ದುಃಖ ಹೃದಯಕ್ಕಿಳಿಯಿತು. ಅನ್ನ ಗಂಟಲಲ್ಲಿ ಇಳಿಯದಾಯಿತು, ಜೀರ್ಣಶಕ್ತಿ ಹೋಯಿತು, ಮೈ ಸೊರಗಿತು. ಪರೀಕ್ಷಿಸಿದ ವೈದ್ಯರು, ಇದು ಹೃದಯದಲ್ಲಿ ಹುಟ್ಟಿ ದೇಹಕ್ಕೆ ಹರಡಿದ ಬೇನೆ, ಒಳಗಿನ ಕಳವಳ ಇಳಿಯದೆ ಔಷಧಿ ನಾಟದು ಎಂದರು.

ಇಮಾಮರು ಏನು ಮಾಡಿದರು? ಅಲ್ಲಾಹನ ಮುಂದೆ ಅಸಹಾಯಕರಾಗಿ ಬೇಡಿಕೊಂಡರು. ಅದರ ಜೊತೆಗೇ ಬದುಕಿನ ಕ್ರಮವನ್ನೂ ಬದಲಿಸಿದರು. ಹುದ್ದೆ ಬಿಟ್ಟರು. ಮಕ್ಕಳ ಪೋಷಣೆಗೆ ಬೇಕಾದಷ್ಟನ್ನು ಉಳಿಸಿ ಮಿಕ್ಕ ಸಂಪತ್ತನ್ನು ಹಂಚಿದರು. ದಮಾಸ್ಕಸ್, ಬೈತುಲ್ ಮುಕದ್ದಸ್, ಹೆಬ್ರಾನ್, ಮಕ್ಕಾ ಮದೀನಾಗಳಿಗೆ ಹೋದರು. ಎಲ್ಲರೂ ಹೀಗೆ ಬಿಟ್ಟುಹೋಗಬೇಕೆಂದಲ್ಲ, ಎಲ್ಲರಿಂದ ಆಗುವುದೂ ಇಲ್ಲ. ಹಲವು ವರ್ಷಗಳ ಬಳಿಕ, 1106ರಲ್ಲಿ, ನಿಶಾಪುರದಲ್ಲಿ ಅವರು ಮತ್ತೆ ಪಾಠಕ್ಕೆ ಕುಳಿತರು. ಕಟ್ಟಿದ ನಾಲಿಗೆ ಬಿಚ್ಚಿತ್ತು. 'ಇಹ್ಯಾ ಉಲೂಮಿದ್ದೀನ್' ಎಂಬ ಮಹಾಗ್ರಂಥ ಹೊರಬಂದದ್ದೂ ಬಗ್ದಾದ್ ಬಿಟ್ಟ ನಂತರದ ಆ ವರ್ಷಗಳಲ್ಲಿಯೇ.

ಇಮಾಮರು ತಮ್ಮ ಬೇನೆಯನ್ನು ಮುಚ್ಚಿಡಲಿಲ್ಲ, ಓದುವ ಜಗತ್ತಿಗೆಲ್ಲ ತಿಳಿಯುವಂತೆ ಬರೆದರು. ಒಂಬತ್ತು ಶತಮಾನಗಳಿಂದ ಅದನ್ನು ಓದುತ್ತಾ ಬಂದ ಉಲಮಾಗಳು ಅವರ ಸ್ಥಾನವನ್ನು ಒಂದಿಷ್ಟೂ ಇಳಿಸಿಲ್ಲ. ನಮ್ಮ ಮನೆಯ ಹುಡುಗನೊಬ್ಬ "ನನಗೆ ಊಟ ಸೇರುತ್ತಿಲ್ಲ, ಕ್ಲಾಸಿನಲ್ಲಿ ಮಾತು ಹೊರಡುತ್ತಿಲ್ಲ" ಎಂದರೆ ನಾವೇಕೆ ಅವನನ್ನು ಇಳಿಸಿ ನೋಡಬೇಕು?

ಬೀಮಾರಿಸ್ತಾನ್‌ಗಳು

ಇದೇ ದೃಷ್ಟಿ ಕಲ್ಲು ಗಾರೆಯ ರೂಪ ಪಡೆದದ್ದು ಬೀಮಾರಿಸ್ತಾನ್ ಎಂಬ ಆಸ್ಪತ್ರೆಗಳಲ್ಲಿ. ಈಜಿಪ್ಟಿನ ಅಹ್ಮದ್ ಇಬ್ನ್ ತೂಲೂನ್ 872ರ ಸುಮಾರಿಗೆ ಕಟ್ಟಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೂ ಜಾಗವಿತ್ತು. ಒಳಗೆ ಬಂದವರ ಬಟ್ಟೆ, ಹಣವನ್ನು ಜೋಪಾನವಾಗಿ ತೆಗೆದಿಟ್ಟು ಬೇರೆ ಉಡುಪು ಕೊಡುತ್ತಿದ್ದರು. ರೋಗಿ ಒಂದು ಕೋಳಿ, ಒಂದು ರೊಟ್ಟಿ ತಿನ್ನುವಷ್ಟು ಚೇತರಿಸಿದಾಗ ಮನೆಗೆ ಕಳಿಸುತ್ತಿದ್ದರು ಎಂದು ಚರಿತ್ರೆಕಾರ ಮಕ್ರೀಝಿ ಬರೆದಿದ್ದಾರೆ. ಇಬ್ನ್ ತೂಲೂನ್ ಪ್ರತಿ ಶುಕ್ರವಾರ ಸ್ವತಃ ಬಂದು ರೋಗಿಗಳನ್ನು ವಿಚಾರಿಸುತ್ತಿದ್ದ. ಒಮ್ಮೆ ಮನೋರೋಗಿಯೊಬ್ಬ ದಾಳಿಂಬೆ ಬೇಕೆಂದು ಕೇಳಿ ತರಿಸಿಕೊಂಡು ಅದನ್ನು ಅವನ ಎದೆಗೇ ಎಸೆದುಬಿಟ್ಟ. ಆಮೇಲೆ ಅವನು ಅತ್ತ ಬರಲಿಲ್ಲ. ಮನೋರೋಗಿಯನ್ನು ಮನೆಯಲ್ಲಿ ನೋಡಿಕೊಳ್ಳುವ ತಾಯಿ, ಹೆಂಡತಿ, ಅಣ್ಣತಮ್ಮಂದಿರಿಗೆ ಇಂಥ ದಾಳಿಂಬೆಗಳು ದಿನವೂ ಬೀಳುತ್ತವೆ. ಆದರೂ ಅವರು ಬಿಟ್ಟುಹೋಗುವುದಿಲ್ಲ. ಅವರಿಗೆ ಅಲ್ಲಾಹನ ಬಳಿ ಇರುವ ಪ್ರತಿಫಲ ದೊಡ್ಡದು.

ಮುಂದೆ ದಮಾಸ್ಕಸ್‌ನಲ್ಲಿ 1154ರಲ್ಲಿ ನೂರುದ್ದೀನ್ ಝಂಗಿಯವರ ಆಸ್ಪತ್ರೆ, ಕೈರೋದಲ್ಲಿ 1284ರಲ್ಲಿ ಸುಲ್ತಾನ್ ಕಲಾವೂನರ ಆಸ್ಪತ್ರೆ, ಅಲೆಪ್ಪೊದಲ್ಲಿ 1354ರಲ್ಲಿ ಅರ್ಗೂನ್ ಅಲ್ ಕಾಮಿಲಿಯ ಆಸ್ಪತ್ರೆ ಬಂದವು. ತುರ್ಕಿಯ ಎದಿರ್ನೆಯಲ್ಲಿ ಸುಲ್ತಾನ್ ಎರಡನೆಯ ಬಾಯಝೀದ್ 1488ರಲ್ಲಿ ಕಟ್ಟಿಸಿದ ಸಂಕೀರ್ಣದಲ್ಲಿ ಮಸೀದಿಯ ಪಕ್ಕದಲ್ಲೇ ಆಸ್ಪತ್ರೆ. ಅಲ್ಲಿ ಹರಿಯುವ ನೀರಿನ ಸದ್ದು, ಹೂವಿನ ಪರಿಮಳ, ಇಂಪಾದ ಸ್ವರಗಳಿಂದ ಮನೋರೋಗಿಗಳ ಮನಸ್ಸನ್ನು ಶಾಂತಗೊಳಿಸುತ್ತಿದ್ದುದನ್ನು 17ನೇ ಶತಮಾನದ ಪ್ರವಾಸಿ ಎವ್ಲಿಯಾ ಚೆಲೆಬಿ ಬಣ್ಣಿಸಿದ್ದಾರೆ. ಈ ಆಸ್ಪತ್ರೆಗಳು ನಡೆದದ್ದು ವಕ್ಫ್ ಆದಾಯದಿಂದ. ಮನಸ್ಸಿನ ಬೇನೆಗೆ ಖರ್ಚು ಮಾಡುವುದನ್ನು ಅಂದಿನವರು ಪುಣ್ಯದ ಕೆಲಸವೆಂದು ಎಣಿಸಿದ್ದರು.

ತವಕ್ಕುಲ್ ಎಂದರೆ ಕೈಕಟ್ಟಿ ಕೂರುವುದಲ್ಲ

"ಅಲ್ಲಾಹನ ಮೇಲೆ ಭರವಸೆ ಇದ್ದರೆ ಡಾಕ್ಟರು ಯಾಕೆ?" ಎಂದು ಕೇಳುವವರಿದ್ದಾರೆ. ಇದಕ್ಕೆ ಗಝಾಲಿಯವರೇ 'ಇಹ್ಯಾ'ದಲ್ಲಿ ಉತ್ತರಿಸಿದ್ದಾರೆ. ಹಸಿದವನು ರೊಟ್ಟಿಯನ್ನು ಮುಂದಿಟ್ಟುಕೊಂಡು ಕೈ ಚಾಚದೆ ಕೂರುವುದು ತವಕ್ಕುಲ್ ಅಲ್ಲ, ಅವಿವೇಕ. ಚಿಕಿತ್ಸೆ ಪಡೆಯುವುದು ತವಕ್ಕುಲ್‌ಗೆ ವಿರುದ್ಧವಲ್ಲ. ಸಿರಿಯಾದಲ್ಲಿ ಪ್ಲೇಗ್ ಹರಡಿದ ಸುದ್ದಿ ಕೇಳಿ ಖಲೀಫ ಉಮರ್(ರ) ದಾರಿಯಿಂದಲೇ ಮರಳಿದಾಗ, ಅಲ್ಲಾಹನ ವಿಧಿಯಿಂದ ಓಡುತ್ತಿದ್ದೀರಾ ಎಂದು ಅಬೂ ಉಬೈದಾ(ರ) ಕೇಳಿದರು. ಅಲ್ಲಾಹನ ಒಂದು ವಿಧಿಯಿಂದ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬುದು ಉಮರ್(ರ)ರ ಉತ್ತರವಾಗಿತ್ತು. ಅಲ್ಲಾಹನು ಮದ್ದಿಲ್ಲದ ರೋಗವನ್ನು ಇಳಿಸಿಲ್ಲ ಎಂದು ಕಲಿಸಿದ ಪ್ರವಾದಿ(ಸ)ರು, ದುಃಖಿತರ ಹೃದಯಕ್ಕೆ ಹಿತವೆಂದು 'ತಲ್ಬೀನಾ' ಎಂಬ ಜವೆಗೋಧಿಯ ಗಂಜಿಯನ್ನೂ ಸೂಚಿಸಿದ್ದರು. ಹ. ಆಯಿಶಾ(ರ) ಸಾವಿನ ಮನೆಗಳಲ್ಲಿ ಅದನ್ನು ಮಾಡಿಸಿ ಕೊಡುತ್ತಿದ್ದರು. ನೊಂದವರಿಗೆ ಒಂದು ಬಟ್ಟಲು ಬಿಸಿ ಗಂಜಿ ಕೊಡುವುದೂ ನಮ್ಮ ದೀನಿನ ಕಲಿಕೆಯೇ.

ಕಪಾಟಿನಲ್ಲಿ ಉಳಿದ ಪುಸ್ತಕ

ಬಲ್ಖಿಯವರ ಆ ಗ್ರಂಥ ಏನಾಯಿತು? ಅದರ ಹಸ್ತಪ್ರತಿ ಇಸ್ತಾಂಬುಲಿನ ಆಯಾಸೋಫಿಯಾ ಸಂಗ್ರಹದಲ್ಲಿ ಶತಮಾನಗಳ ಕಾಲ ಉಳಿದುಕೊಂಡಿತ್ತು. ತುರ್ಕಿಯ ವಿದ್ವಾಂಸ ಫುಆದ್ ಸೆಝ್ಗಿನ್ 1984ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಿಂದ ಅದರ ಪಡಿಯಚ್ಚನ್ನು ಹೊರತಂದರು. ಮನಸ್ಸಿನ ಕುರಿತ ಭಾಗವನ್ನು ಸುಡಾನಿನ ಮನಶ್ಶಾಸ್ತ್ರಜ್ಞ ಮಲಿಕ್ ಬದ್ರಿ ಇಂಗ್ಲಿಷಿಗೆ ಅನುವಾದಿಸಿ 2013ರಲ್ಲಿ ಪ್ರಕಟಿಸಿದರು. ಯೋಚನೆಯನ್ನು ತಿದ್ದಿ ಮನಸ್ಸನ್ನು ತಿದ್ದುವ, 20ನೇ ಶತಮಾನದಲ್ಲಿ ಬೆಳೆದ ಚಿಕಿತ್ಸೆಯ ಮೂಲತತ್ವಗಳು ಬಲ್ಖಿಯವರಲ್ಲೇ ಇವೆ ಎಂದು ಬದ್ರಿ ತೋರಿಸಿದರು.

"ಎಲ್ಲವನ್ನೂ ಮೊದಲು ಕಂಡುಹಿಡಿದವರು ನಾವೇ" ಎಂದು ಎದೆ ತಟ್ಟಿಕೊಳ್ಳಲು ಈ ಚರಿತ್ರೆಯನ್ನು ಹೇಳುತ್ತಿಲ್ಲ. ಮದ್ದಿನ ಪೆಟ್ಟಿಗೆ ಕಪಾಟಿನಲ್ಲೇ ಇದ್ದರೂ ನಾವು ಅದನ್ನು ತೆರೆಯಲಿಲ್ಲ ಎಂಬುದನ್ನು ನೆನಪಿಸಲು ಹೇಳುತ್ತಿದ್ದೇವೆ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿ ಯಾವುದಾದರೊಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ನಮ್ಮ ಮೊಹಲ್ಲಾಗಳು ಇದಕ್ಕೆ ಹೊರತಲ್ಲ.

ದಿನನಿತ್ಯದ ಚಿಂತೆಗೆ ಬಲ್ಖಿಯವರ ಮದ್ದುಗಳು, ದಿಕ್ರ್ ಮತ್ತು ದುಆ, ಸರಿಯಾದ ನಿದ್ದೆ, ನಾಲ್ಕು ಜನರ ಒಡನಾಟ ಬಹಳಷ್ಟು ಸಲ ಸಾಕಾಗುತ್ತವೆ. ಆದರೆ ವಾರಗಟ್ಟಲೆ ನಿದ್ದೆ, ಊಟ ಬಿಟ್ಟುಹೋದರೆ, ಕಾರಣವಿಲ್ಲದೆ ಎದೆ ನಡುಗಿದರೆ, ಬದುಕೇ ಬೇಡವೆಂಬ ಮಾತು ಬಾಯಿಗೆ ಬಂದರೆ ತಡಮಾಡಬಾರದು. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. 2022ರ ಅಕ್ಟೋ­ಬರ್‌ನಲ್ಲಿ ಕೇಂದ್ರ ಸರಕಾರ ಆರಂಭಿಸಿದ 'ಟೆಲಿ ಮಾನಸ್' ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಹೆಸರು ಹೇಳಲೂ ಬೇಕಾಗಿಲ್ಲ.

ಮುಂದಿನ ಸಲ ಮನೆಯಲ್ಲಿ ಯಾರಾದರೂ "ನನಗೆ ಯಾಕೋ ಹೆದರಿಕೆಯಾಗುತ್ತಿದೆ" ಎಂದರೆ ಅವರ ಈಮಾನನ್ನು ತೂಗಲು ಹೋಗಬೇಡಿ. ಈಮಾನನ್ನು ತೂಗುವವನು ಅಲ್ಲಾಹನು ಮಾತ್ರ. ನೀವು ಹ. ಖದೀಜಾ(ರ) ಮಾಡಿದ್ದನ್ನು ಮಾಡಿ. ಹೊದಿಸಿ, ಕಾಯಿರಿ, ಕೇಳಿಸಿಕೊಳ್ಳಿ, ಅವರ ಒಳಿತನ್ನು ನೆನಪಿಸಿ, ಬೇಕಾದರೆ ಬಲ್ಲವರ ಬಳಿಗೆ ಕರೆದುಕೊಂಡು ಹೋಗಿ.

ನೊಂದ ಎಲ್ಲ ಹೃದಯಗಳಿಗೂ ಅಲ್ಲಾಹನು ನೆಮ್ಮದಿಯನ್ನು ಕರುಣಿಸಲಿ. ಒಬ್ಬರ ನೋವಿಗೆ ಇನ್ನೊಬ್ಬರು ಕಿವಿಯಾಗುವ ಸೌಭಾಗ್ಯವನ್ನು ನಮಗೆಲ್ಲರಿಗೂ ನೀಡಲಿ. ಆಮೀನ್.